ರೇಷ್ಮೆಹುಳಕ್ಕೆ ಮೆಮೊರಿ ಸಾಲದೆ ಹೋದಾಗ

ಚನ್ನಪಟ್ಟಣದ ಚಲುವಯ್ಯ ಮೂವತ್ತು ವರ್ಷದಿಂದ ಗೊಂಬೆ ಕಡೆಯುತ್ತಿದ್ದರೂ ಒಂದು ಗೊಂಬೆಯ ಮೇಲೂ ಅವನ ಹೆಸರಿರಲಿಲ್ಲ. ನಮೂನೆ ತಂದುಕೊಡುವವನು ಏಜೆಂಟ್ ಯೋಗಾನಂದ, ಡಬ್ಬಿಯ ಮೇಲೆ ಅಚ್ಚಾಗುವುದೂ ಯೋಗಾನಂದನ ಹೆಸರೇ. ಚಲುವಯ್ಯನಿಗೆ ಇದರ ಬಗ್ಗೆ ಬೇಸರವಿರಲಿಲ್ಲ. ಬೇಸರವೆಲ್ಲ ಅವನ ಮಗಳು ಚೈತ್ರಾಳದು, ಮನೆಯವರೆಲ್ಲರ ಪಾಲಿನ ಬೇಸರವನ್ನೂ ಅವಳೊಬ್ಬಳೇ ಪಡುತ್ತಿದ್ದಳು.

ಅದಕ್ಕೇ ಅವಳು ಹಟ ಹಿಡಿದು ಲ್ಯಾಪ್‌ಟಾಪಿನಲ್ಲಿ ಗೊಂಬೆ ಬಿಡಿಸುವುದನ್ನು ಕಲಿತಳು. ಕಲಿತು ಮಾಡಿದ್ದು ಒಂದು ರೇಷ್ಮೆಹುಳ. ಏಳು ಉಂಗುರ, ಒಂದೊಂದರ ತೂತೂ ನಡುವಿನಿಂದ ಚೂರು ಆಚೆ. ದಾರ ಕಟ್ಟಿ ಎಳೆದರೆ ಹುಳ ಮೈ ಹೊರಳಿಸುತ್ತ ಹಿಂದೆ ಬರಬೇಕು. ರಾಮನಗರದಲ್ಲಿ ಶಿಶುವಿಹಾರ ನಡೆಸುವ ಕೆಹಕಶಾನ್ ಮೇಡಂ, ಕನಕಪುರ ಮತ್ತು ಮಾಗಡಿಯ ಇನ್ನಷ್ಟು ಶಿಶುವಿಹಾರಗಳಿಗೂ ಆಟಿಕೆ ಆರಿಸುವವರು. ಹುಳದ ಚಿತ್ರ ಫೋನಿನಲ್ಲಿ ನೋಡಿ ಮೆಚ್ಚಿದ್ದರು. "ಶನಿವಾರ ಬಂದು ಕಂಪ್ಯೂಟರಲ್ಲೇ ಓಡಿಸಿ ತೋರಿಸಿ. ನಾನು ಹೇಳೋ ಬದಲಾವಣೆ ಅಲ್ಲೇ ಮಾಡಬೇಕು. ಆಗದಿದ್ದರೆ ಯೋಗಾನಂದ ಅವರು ತೋರಿಸಿರೋ ಆಟದ ರೈಲನ್ನೇ ತಗೋತೀನಿ," ಅಂದಿದ್ದರು.

ಇಷ್ಟು ಒಳ್ಳೆಯ ಸುದ್ದಿಗೆ ಅಡ್ಡ ಮಲಗಿದ್ದು ಆ ಲ್ಯಾಪ್‌ಟಾಪು. ಬಿಡದಿಯ ಯಾವುದೋ ಆಫೀಸಿನಲ್ಲಿ ವರ್ಷಗಟ್ಟಲೆ ದುಡಿದು, ನಿವೃತ್ತಿಯಾದ ಮೇಲೆ ಇವಳ ಕೈಗೆ ಬಂದದ್ದು. ಮೆಮೊರಿ ನಾಲ್ಕೇ ಜಿಬಿ. ಹುಳ ಐದನೆಯ ಉಂಗುರದವರೆಗೆ ಚೆನ್ನಾಗಿಯೇ ಹೊರಳುತ್ತಿತ್ತು. ಆರನೆಯದಕ್ಕೆ ಬಂತೋ, ಪರದೆ ನಿಂತಲ್ಲೇ ನಿಂತುಬಿಡುತ್ತಿತ್ತು.

ಗುರುವಾರ ಬೆಳಿಗ್ಗೆ ಚೈತ್ರಾ ಪೇಟೆಗೆ ಹೋಗಿ, "ಲ್ಯಾಪ್‌ಟಾಪ್ ಮೆಮೊರಿ ಕೊಡಿ, ಎಂಟು ಜಿಬಿ," ಎಂದು ಕೇಳಿ ತಂದಳು. ಯಾವ ಕಾಲದ ಲ್ಯಾಪ್‌ಟಾಪು ಎಂದು ಅಂಗಡಿಯವನು ಕೇಳಲಿಲ್ಲ, ಇವಳೂ ಹೇಳಲಿಲ್ಲ. ಅವಸರದಲ್ಲಿ ಯಾರಿಗೆ ಅಷ್ಟೆಲ್ಲ ಹೊಳೆಯುತ್ತದೆ? ಮನೆಗೆ ಬಂದು ತಳದ ಸ್ಕ್ರೂ ಬಿಚ್ಚಿದಳು. ಮೆಮೊರಿ ಕೂರುವ ಜಾಗ ಎರಡಿದ್ದವು, ಒಂದರಲ್ಲಿ ಹಳೆಯ ಚೂರು, ಇನ್ನೊಂದು ಖಾಲಿ. ತಂದ ಚೂರನ್ನು ಖಾಲಿ ಜಾಗಕ್ಕೆ ಹಿಡಿದರೆ ಕೂರಲೊಲ್ಲದು. ಚೂರಿನ ಅಂಚಿನಲ್ಲಿರುವ ಕಚ್ಚು ಒಂದು ಕಡೆ, ಲ್ಯಾಪ್‌ಟಾಪಿನ ಒಳಗಿರುವ ಗೂಟ ಇನ್ನೊಂದು ಕಡೆ. ಇದು ಹೊಸ ಕಾಲದ ಮೆಮೊರಿ, ಹಳೆಯ ಯಂತ್ರಕ್ಕಲ್ಲ ಎಂಬುದು ಆಗ ತಿಳಿಯಿತು. ಬದಲಾಯಿಸಿಕೊಡುತ್ತಾರಾ ಎಂದು ಅಂಗಡಿಗೆ ಫೋನು ಮಾಡಲು ಅಂಗಳಕ್ಕೆ ಹೋದಳು.

ಕೊಡುತ್ತೇವೆ ಅಂದರು. ಖುಷಿಯಾಗಿ ಒಳಗೆ ಬಂದರೆ, ಅಪ್ಪ ಸಣ್ಣ ಅರ ಹಿಡಿದು ಮೆಮೊರಿಯ ಕಚ್ಚನ್ನು ಉಜ್ಜುತ್ತಾ ಕೂತಿದ್ದ! ಮೂಗಿನ ತುದಿಯಲ್ಲಿ ಕನ್ನಡಕ, ತೊಡೆಯ ಮೇಲೆ ಹಸಿರು ಪುಡಿ.

"ಅಪ್ಪಾ! ಏನ್ ಮಾಡ್ತಾ ಇದ್ದೀಯ?"

"ಒಂದು ನೂಲಷ್ಟು ಆಚೆ ಐತೆ ಕಣವ್ವ, ಅಷ್ಟೆಯ. ಒಸಿ ಉಜ್ಜಿದ್ರೆ ಕೂತ್ಕತದೆ."

ತಪ್ಪು ಅನ್ನುವುದಾದರೂ ಹೇಗೆ? ಗೂಟ ಬಿಗಿಯಾದರೆ ಉಜ್ಜು, ತೂತು ಸಡಿಲವಾದರೆ ಅರಗು ತುಂಬು, ಚಲುವಯ್ಯನ ಕಸುಬು ನಡೆದದ್ದೇ ಹಾಗೆ. ಕೂರದ ಗಾಲಿಯನ್ನು ಅಂಗಡಿಗೆ ವಾಪಸು ಕೊಟ್ಟವರು ಆ ಬೀದಿಯಲ್ಲಿ ಯಾರಿದ್ದಾರೆ! ಆದರೆ ಚೈತ್ರಾಳಿಗೆ ಆ ಹೊತ್ತಿಗೆ ಅಪ್ಪನ ಕಸುಬಿನ ಬಗ್ಗೆ ಯೋಚಿಸುವಷ್ಟು ತಾಳ್ಮೆ ಇರಲಿಲ್ಲ.

"ಇದೇನು ಬಂಡಿ ಗಾಲಿ ಅನ್ಕಂಡ್ಯಾ? ಹಾಳು ಮಾಡ್ಬುಟ್ಟೆ! ಇದನ್ನ ಈಗ ಯಾರು ವಾಪಸ್ ತಗೋತಾರೆ? ಯೋಗಾನಂದನ ರೈಲೇ ಓಡ್ಲಿ ಬುಡು, ನಮ್ಮ ಹಣೇಲಿ ಬರೆದಿರೋದೇ ಅಷ್ಟು!"

ಚಲುವಯ್ಯ ಅರವನ್ನು ಕೆಳಗಿಟ್ಟ. ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಲ್ಯಾಪ್‌ಟಾಪಿಗೆ ಏನೂ ಆಗಿರಲಿಲ್ಲ ಅನ್ನುವುದೊಂದೇ ಪುಣ್ಯ.

ಶುಕ್ರವಾರ ಅವಳು ಬೇರೆ ಮೆಮೊರಿ ಹುಡುಕಿಕೊಂಡು ರಾಮನಗರಕ್ಕೆ ಹೊರಟಾಗ, ಕರೆಯದಿದ್ದರೂ ಚಲುವಯ್ಯ ಬಸ್ಸು ಹತ್ತಿ ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಅಪ್ಪನಿಗೆ ಬೈದದ್ದು ಚೈತ್ರಾಳನ್ನು ಚುಚ್ಚುತ್ತಿತ್ತು, ಆದರೆ ಅವಳೂ ಅವನ ಮಗಳೇ ಅಲ್ಲವೇ, ಬಾಯಿ ಬಿಡಲಿಲ್ಲ.

ರಾಮನಗರದಲ್ಲಿ ಮುಷರಫನದು ಕಂಪ್ಯೂಟರ್ ರಿಪೇರಿ ಅಂಗಡಿ. ಈ ಸಲ ಚೈತ್ರಾ ಲ್ಯಾಪ್‌ಟಾಪನ್ನೇ ಅವನ ಮುಂದಿಟ್ಟಳು. ಅವನು ಹಳೆಯ ಚೂರನ್ನು ನೋಡಿ, ಡ್ರಾಯರಿನಿಂದ ಅದೇ ತರಹದ್ದೊಂದು ತೆಗೆದು ಖಾಲಿ ಜಾಗಕ್ಕೆ ಒತ್ತಿದ. ಕಟಕ್ ಎಂದು ಕೂತಿತು.

"ಆಹಾ! ಕೂತ್ಕತು ನೋಡವ್ವ!" ಬೆಳಿಗ್ಗೆಯಿಂದ ಚಲುವಯ್ಯ ಆಡಿದ ಮೊದಲ ಮಾತು ಅದು.

ಕೂತದ್ದೇನೋ ಕೂತಿತು. ಗುಂಡಿ ಒತ್ತಿದರೆ ದೀಪ ಹತ್ತಿತು, ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಮುಷರಫ್ ಎರಡು ಸಲ ತೆಗೆದು ಹಾಕಿದ. ಆಗಲೂ ಕಪ್ಪೇ. "ಬೋರ್ಡ್ ಹೋಗೈತಕ್ಕ. ಹಳೇ ಮಾಲು, ಇನ್ನೆಷ್ಟು ದಿನ ಅಂತ ಬರ್ತದೆ? ಬೇರೆ ತಗೊಂಬುಡಿ," ಎಂದು ಕೈ ಒರೆಸಿಕೊಂಡ.

ಬೆಳಿಗ್ಗೆ ಓಡಿದ ಯಂತ್ರ ಇಷ್ಟರಲ್ಲೇ ಸತ್ತಿತು ಅಂದರೆ ಚೈತ್ರಾಳ ಮನಸ್ಸು ಒಪ್ಪಲಿಲ್ಲ. "ಹೊಸ ಚೂರು ತೆಗೀರಿ, ಹಳೇದೊಂದೇ ಇರ್ಲಿ," ಎಂದಳು. ತೆಗೆದು ಗುಂಡಿ ಒತ್ತಿದರೆ ಪರದೆ ಬೆಳಗಿತು.

"ಬೋರ್ಡ್ ಚೆನ್ನಾಗೇ ಐತಲ್ಲ!" ಎಂದಳು.

ಲ್ಯಾಪ್‌ಟಾಪ್ ಆರಿಸಿ ಹಳೆಯದನ್ನೂ ತೆಗೆಸಿ, ಎರಡು ಚೂರುಗಳನ್ನೂ ಅಂಗೈ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ನೋಡಿದಳು. ಉದ್ದ ಒಂದೇ, ಕಚ್ಚು ಒಂದೇ ಕಡೆ. ಆಮೇಲೆ ಮೇಲಿನ ಚೀಟಿಗಳನ್ನು ಓದಿದಳು. ಹಳೆಯದರ ಮೇಲೆ 1.35 ವೋಲ್ಟ್, ಹೊಸದರ ಮೇಲೆ 1.5 ವೋಲ್ಟ್.

"ಅಪ್ಪಾ, ಹೋದ ವರ್ಷ ಗೊಂಬೆ ಕಡೆಯೋ ಯಂತ್ರಕ್ಕೆ ಆ ಯೋಗಾನಂದ ಕೊಡಿಸಿದ ಮೋಟಾರು ಗ್ಯಾಪಕ ಐತಾ?"

ಇಲ್ಲದೆ ಏನು! ಹಳೆಯ ಮೋಟಾರಿನ ಬೋಲ್ಟು ತೂತಿಗೇ ಅಚ್ಚುಕಟ್ಟಾಗಿ ಕೂತಿತ್ತು. ಆದರೆ ಅದು ಮೂರು ಫೇಸಿನದು, ಮನೆಗಿದ್ದದ್ದು ಒಂದೇ ಫೇಸು. ಗುಂಯ್ ಅಂದದ್ದು ಬಿಟ್ಟರೆ ಒಂದು ಸುತ್ತೂ ತಿರುಗಿರಲಿಲ್ಲ.

"ಅಂಗಾರೆ ಇದ್ಕೂ ಕರೆಂಟ್ ಬ್ಯಾರೆ ಅನ್ನು," ಎಂದ ಚಲುವಯ್ಯ, ಕಣ್ಣರಳಿಸಿ.

"ಊಂ ಕಣಪ್ಪ. ಈ ಲ್ಯಾಪ್‌ಟಾಪು ಕಮ್ಮಿ ವೋಲ್ಟೇಜಿಂದೇ ಕೇಳ್ತದೆ. ಕೂತ್ರೆ ಸಾಲ್ದು, ಓಡ್ಬೇಕಲ್ಲ."

ಫೋನಿನಲ್ಲಿ ಲ್ಯಾಪ್‌ಟಾಪಿನ ಮಾಡೆಲ್ ಹಾಕಿ ಹುಡುಕಿದಳು. ಕಂಪನಿಯ ಪುಟದಲ್ಲೂ ಅದೇ ಇತ್ತು, 1.35 ವೋಲ್ಟಿನದು ಮಾತ್ರ, ಒಂದೊಂದು ಜಾಗಕ್ಕೆ ಎಂಟು ಜಿಬಿಯವರೆಗೆ. ಮುಷರಫ್ ಇಣುಕಿ ನೋಡಿ ತಲೆ ಕೆರೆದುಕೊಂಡ. "ಹೌದಕ್ಕ, ನಂದೇ ತಪ್ಪು, ಅವಸರದಲ್ಲಿ ವೋಲ್ಟೇಜ್ ನೋಡ್ಲಿಲ್ಲ. ಆದ್ರೆ ಅಂಥದ್ದು ಹೊಸದು ಈಗ ಅಂಗಡೀಲಿ ಇಲ್ವಲ್ಲ." ಒಂದು ಗಳಿಗೆ ಯೋಚಿಸಿದವನು ಅಟ್ಟಕ್ಕೆ ಏಣಿ ಹಾಕಿದ. ಪರದೆ ಒಡೆದ ಲ್ಯಾಪ್‌ಟಾಪುಗಳ ರಾಶಿಯಲ್ಲಿ ಅರ್ಧ ಗಂಟೆ ಹುಡುಕಿ, ತಲೆ ತುಂಬ ಧೂಳು ಮಾಡಿಕೊಂಡು, ಒಂದು ಚೂರು ಹಿಡಿದು ಇಳಿದ. ಕೊಡುವ ಮೊದಲು ಅವನೇ ಚೀಟಿ ಓದಿದ. "ಎಂಟು ಜಿಬಿ, ಒಂದು ಪಾಯಿಂಟ್ ಮೂರೈದು. ನೀವೇ ನೋಡ್ಕೊಳ್ಳಿ."

ಹಳೆಯದರ ಜೊತೆಗೆ ಅದನ್ನೂ ಚೈತ್ರಾ ತನ್ನ ಕೈಯಾರೆ ಕೂರಿಸಿದಳು. ಕಟಕ್. ಗುಂಡಿ ಒತ್ತಿದಳು. ಪರದೆ ಬೆಳಗಿತು, ಮೆಮೊರಿ ಹನ್ನೆರಡು ಜಿಬಿ ಎಂದು ತೋರಿಸಿತು. ಹುಳವನ್ನು ತೆರೆದಳು. ಐದನೆಯ ಉಂಗುರ ಹೊರಳಿತು, ಆರನೆಯದು ಹೊರಳಿತು, ಏಳನೆಯದೂ ಹೊರಳಿ, ಹುಳ ಪರದೆಯ ಈ ಕಡೆಯಿಂದ ಆ ಕಡೆಗೆ ಕುಲುಕುತ್ತ ಹೋಯಿತು. ಚೈತ್ರಾ ಅಂಗಡಿ ಅನ್ನುವುದನ್ನೂ ಮರೆತು ಚಪ್ಪಾಳೆ ತಟ್ಟಿದಳು. ಚಲುವಯ್ಯ ಸುಮ್ಮನೆ ಕಣ್ಣೊರೆಸಿಕೊಂಡ. ಬಸ್ಸಿನಲ್ಲಿ ಹಿಂದಿರುಗುವಾಗ ಚೈತ್ರಾ, "ನಿನ್ನೆ ಬೈದ್ಬುಟ್ಟೆ ಕಣಪ್ಪ," ಅಂದಳು. "ಬುಡವ್ವ, ನಾನೂ ಉಜ್ಜಬಾರದಿತ್ತು," ಅಂದ ಅವನು. ಅಷ್ಟಕ್ಕೆ ಮುಗಿಯಿತು.

ಶನಿವಾರ ಶಿಶುವಿಹಾರಕ್ಕೆ ಹೋದಾಗ ಯೋಗಾನಂದ ಆಗಲೇ ಬಂದು, ಬಣ್ಣದ ರೈಲನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡು ಕೂತಿದ್ದ. ಹಳೆಯ ಲ್ಯಾಪ್‌ಟಾಪ್ ನೋಡಿ ನಕ್ಕ. "ಏನ್ಲಾ ಚಲುವಯ್ಯ, ಗುಜರಿ ಹೊತ್ಕಂಡು ಬಂದಿದ್ದೀಯ?"

"ಒಸಿ ತಡಿಯಲಾ, ಓಡ್ತದೆ," ಅಂದ ಚಲುವಯ್ಯ.

ಓಡಿತು. ಕೆಹಕಶಾನ್ ಮೇಡಂ ಕನ್ನಡಕ ಏರಿಸಿಕೊಂಡು ಮುಂದೆ ಬಗ್ಗಿದರು. "ಬಾಲದ ಉಂಗುರ ಚಿಕ್ಕದಾಯ್ತು ಚೈತ್ರಾ, ಮಕ್ಕಳು ಬಾಯಿಗೆ ಹಾಕ್ಕೋತಾರೆ. ದೊಡ್ಡದು ಮಾಡಿದ್ರೆ ಹೊರಳೋದು ನಿಂತು ಹೋಗುತ್ತಾ?"

"ನೋಡೇ ಬುಡಣ ಮೇಡಂ."

ಉಂಗುರವನ್ನು ಹಿಗ್ಗಿಸಿದಳು, ತೂತನ್ನು ಇನ್ನೊಂದಿಷ್ಟು ಆಚೆ ಸರಿಸಿ ಓಡಿಸಿದಳು. ಹುಳ ಮೊದಲಿಗಿಂತ ಠೀವಿಯಿಂದ ಬಾಲ ಕುಲುಕಿತು. ಮೇಡಂ ಮಗುವಿನ ಹಾಗೆ ನಕ್ಕುಬಿಟ್ಟರು. "ಇನ್ನೊಂದು ಸಲ ಓಡಿಸಿ!" ಇನ್ನೊಂದು ಸಲ ಓಡಿತು, ಮತ್ತೊಂದು ಸಲವೂ ಓಡಿತು. ಯೋಗಾನಂದ ರೈಲನ್ನು ಡಬ್ಬಿಗೆ ತುಂಬಿಕೊಂಡ.

"ನಮ್ಮ ಎಲ್ಲಾ ಶಿಶುವಿಹಾರಗಳಿಗೂ ಇದೇ ಇರಲಿ," ಎಂದರು ಮೇಡಂ. ಆಮೇಲೆ, ಹಿರಿಯರು ಎಂಬ ಮರ್ಯಾದೆಗೆ, ಚಲುವಯ್ಯನ ಕಡೆ ತಿರುಗಿದರು. "ಡಬ್ಬಿ ಮೇಲೆ ನಿಮ್ಮ ಹೆಸರು ಹೇಗೆ ಹಾಕಿಸೋಣ?"

ಮೂವತ್ತು ವರ್ಷದಲ್ಲಿ ಯಾರೂ ಅವನನ್ನು ಕೇಳದ ಪ್ರಶ್ನೆ ಅದು. ಚಲುವಯ್ಯ ಎದ್ದು ನಿಂತು ಅಂಗಿ ಸರಿಮಾಡಿಕೊಂಡ.

"ನಂದು ಬ್ಯಾಡಿ ಮೇಡಂ. ನಾನು ಸುಮ್ಕೆ ಅರ ಹಿಡ್ಕಂಡು ಉಜ್ಜೋನು. ಹುಳ ನಮ್ಮ ಚೈತ್ರಂದು, ಅವಳ ಹೆಸರೇ ಆಕ್ಸಿ. ಒಸಿ ದಪ್ಪಕ್ಷರದಲ್ಲೇ ಆಕ್ಸಿ."