ದಕ್ಷಿಣದ ಗೋಡೆ

ಒಂದು ಗೋಡೆಗೆ ಒಂದು ಚಿತ್ರ ಆರಿಸುವುದು ಇಷ್ಟು ಕಷ್ಟ ಅಂತ ಯಾರಾದರೂ ಮೊದಲೇ ಹೇಳಿದ್ದರೆ ವಿಭಾ ಗೋಡೆಯೇ ಇಲ್ಲದ ಮನೆ ಕೊಳ್ಳುತ್ತಿದ್ದಳೋ ಏನೋ. ಚೆನ್ನೈನ ಕ್ರೋಂಪೇಟೆಯ ಈ ಫ್ಲಾಟಿಗೆ ಬಂದದ್ದು ದೀಪಾವಳಿ ಹೊತ್ತಿಗೆ. ಯುಗಾದಿ ಕಳೆದು, ತಲೆ ಸುಡುವ ಮೇ ತಿಂಗಳ ಕತ್ತರಿ ಬಿಸಿಲೂ ಶುರುವಾಗಿತ್ತು. ಬಾಗಿಲು ತೆಗೆದ ಕೂಡಲೆ ಕಣ್ಣಿಗೆ ಬೀಳುವ ಹಾಲ್‌ನ ಆ ದೊಡ್ಡ ಗೋಡೆ ಮಾತ್ರ ಇನ್ನೂ ಬೋಳಾಗಿಯೇ ಇತ್ತು.

ವಡಪಳನಿಯ ಬಾಡಿಗೆ ಮನೆಯಲ್ಲಿದ್ದಷ್ಟು ವರ್ಷವೂ ಆಣಿ ಹೊಡೆಯುವ ಹಾಗಿರಲಿಲ್ಲ. ಓನರ್ ತಿಂಗಳಿಗೊಮ್ಮೆ ಬಂದು ಗೋಡೆ ಸವರಿ ನೋಡಿ ಹೋಗುತ್ತಿದ್ದ. ಕ್ಯಾಲೆಂಡರನ್ನು ಕೂಡ ಕಿಟಕಿ ಸರಳಿಗೆ ದಾರ ಕಟ್ಟಿ ನೇತುಹಾಕಬೇಕಿತ್ತು. ಆಗಲೇ ವಿಭಾ ಅಂದುಕೊಂಡಿದ್ದಳು, ಸ್ವಂತ ಮನೆ ಅಂತ ಒಂದಾದರೆ ಅದರ ಒಂದು ಗೋಡೆ ನನ್ನದು, ಅಲ್ಲೇನಿರಬೇಕು ಅಂತ ಹೇಳುವವಳು ನಾನು. ದೊಡ್ಡ ಆಸೆಯೇನಲ್ಲ ಬಿಡಿ. ಸಾಲದ ಅರ್ಜಿಗೆ ಅವಳ ಸಂಬಳದ ಚೀಟಿಯೂ ಹೋಗಿತ್ತು, ಒಂದು ಗೋಡೆ ಕೇಳುವ ಹಕ್ಕಾದರೂ ಇರಬೇಡವೇ? ಮನೆಯ ಟೈಲ್ಸ್ ಬಿಲ್ಡರ್ ಆರಿಸಿದ್ದು, ಪರದೆ ಮಗಳು ವೀಕ್ಷಾ ಆರಿಸಿದ್ದು, ಸೋಫಾ ಗಂಡನ ಬ್ಯಾಂಕಿನ ಗೆಳೆಯನ ಅಂಗಡಿಯದು, ದೇವರ ಮನೆಯಂತೂ ಸಂಪೂರ್ಣ ಅತ್ತೆಯ ರಾಜ್ಯ.

ದಿನವಿಡೀ ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಕೂತು ಊರವರ ಆಸ್ಪತ್ರೆ ಬಿಲ್ಲು ನೋಡುವುದು, ಇದಕ್ಕೆ ವಿಮೆ ಸಿಗುವುದಿಲ್ಲ ಅಂತ ನಯವಾಗಿ ಬರೆಯುವುದು, ಬಯ್ಯಿಸಿಕೊಳ್ಳುವುದು ಅವಳ ಕೆಲಸ. ಸಂಜೆ ಆಫೀಸಿನ ಕ್ಯಾಬ್‌ನಲ್ಲಿ ತಲೆ ಒಂದು ಕಡೆಗೆ ವಾಲಿಸಿಕೊಂಡು ಬಂದು ಸೋಫಾದ ಮೇಲೆ ಕುಸಿದರೆ ಎದುರಿಗೆ ಆ ಗೋಡೆ. ಮೈಯಲ್ಲಿ ಚಪ್ಪಲಿ ಬಿಚ್ಚುವಷ್ಟೂ ತ್ರಾಣ ಇರುತ್ತಿರಲಿಲ್ಲ. ತಾನು ಆರಿಸಿದ ಒಂದು ವಸ್ತುವನ್ನು ಐದು ನಿಮಿಷ ನೋಡಿ ಆಮೇಲೆ ಅಡುಗೆಮನೆಗೆ ಹೋಗಬೇಕು ಅಂತ ಅವಳಿಗೆ ಅನಿಸುತ್ತಿತ್ತು. ಅಷ್ಟೇ.

ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ, ಯಾವ ಚಿತ್ರ ತೋರಿಸಿದರೂ ಅತ್ತೆ ಗೋದಾಬಾಯಿಯ ಹತ್ತಿರ ಒಂದು ತಕರಾರು ಸಿದ್ಧವಾಗಿರುತ್ತಿತ್ತು. ಎಂಬತ್ತರ ಹತ್ತಿರದ ಜೀವ, ಮೊಣಕಾಲು ಕೈಕೊಟ್ಟಿದೆ, ನಾಲಿಗೆ ಮಾತ್ರ ಹದಿನಾರರದು.

ಜಲಪಾತ ತೋರಿಸಿದರೆ, "ಮನೇಲಿ ನೀರು ಹರೀತಾ ಇದ್ರೆ ದುಡ್ಡೂ ಹಂಗೇ ಹರ್ದು ಹೋಗತ್ತೆ."

ಸಂಜೆಯ ಸೂರ್ಯ ತೋರಿಸಿದರೆ, "ದಿನಾ ಬೆಳಗಾಗೆದ್ದು ಮುಳುಗೋ ಸೂರ್ಯನ ಮುಖ ನೋಡ್ಬೇಕಾ? ಚೆನ್ನಾಗಿದೆ!"

ಹೋಗಲಿ, ಚಿನ್ನದ ರೇಕಿನ ತಂಜಾವೂರು ಕೃಷ್ಣ ಅಂದರೆ, "ದೇವರನ್ನ ಎದುರಿಗಿಟ್ಕೊಂಡು ಕಾಲು ಚಾಚಿ ಟೀವಿ ನೋಡ್ತೀರೇನು? ಮಡಿ ಇಲ್ಲ ಮೈಲಿಗೆ ಇಲ್ಲ, ಬೇಡ್ವೇ ಬೇಡ ಅಮ್ಮಾ, ಆ ಪಾಪ ನಂಗೆ ಬೇಡ."

ಓಡುವ ಏಳು ಕುದುರೆಗಳಿಗೆ, "ಮೊದಲೇ ಈ ಮನೇಲಿ ಯಾರೂ ಒಂದು ಕಡೆ ಕೂಡಲ್ಲ. ಇನ್ನು ಕುದುರೆ ಬೇರೆ."

ಗಂಡ ಗುರುಚರಣನದು ಇನ್ನೊಂದು ರಾಗ. "ನಿಂಗ್ಯಾವ್ದು ಇಷ್ಟವೋ ಅದೇ ಹಾಕೋಣ ವಿಭಾ" ಅಂತ ಪ್ರತಿ ಭಾನುವಾರ ಸ್ಕೂಟರ್ ಹೊರಗೆ ತೆಗೆಯುತ್ತಿದ್ದ. ಅಂಗಡಿಯಲ್ಲಿ ಅವಳು ಒಂದರ ಮುಂದೆ ನಿಂತ ಕೂಡಲೆ ತಲೆ ಕೆರೆದುಕೊಂಡು, "ಅಮ್ಮ ಹೇಳೋದ್ರಲ್ಲೂ ಒಂದು ಇದು ಇದೆ, ತಾನೇ?" ಅನ್ನುತ್ತಿದ್ದ. ಆ ಇದು ಯಾವುದು ಅಂತ ಇವತ್ತಿನವರೆಗೂ ಹೇಳಿಲ್ಲ, ಪುಣ್ಯಾತ್ಮ. ತಿರುಚ್ಚಿಯ ಹಾಸ್ಟೆಲಿನಲ್ಲಿದ್ದ ವೀಕ್ಷಾಳನ್ನು ಕೇಳಿದರೆ ಅವಳು ಕನ್ನಡದ ಪ್ರಶ್ನೆಗೆ ಎಂದಿನಂತೆ ತಮಿಳಿನಲ್ಲೇ ಉತ್ತರ ಕೊಟ್ಟಳು, "ಎದಾವದು ಒಣ್ಣು ಮಾಟ್ಟುಮ್ಮಾ." ಏನಾದರೊಂದು ತಗುಲಿಹಾಕಮ್ಮ ಅಂತ. ತಗುಲಿಹಾಕುವುದಕ್ಕೆ ಬಿಟ್ಟರೆ ತಾನೇ!

ಕಡೆಗೆ ವಿಭಾಳಿಗೆ ನಿಜವಾಗಿ ಮನಸ್ಸಿಗೆ ಬಂದದ್ದು ಒಂದು ದೋಣಿಯ ಚಿತ್ರ. ನಸುಕಿನ ಹೊತ್ತು, ಯಾರೂ ಇಲ್ಲದ ದಡ, ಮರಳಿನ ಮೇಲೆ ಸುಮ್ಮನೆ ಮಲಗಿದ ಒಂದು ಕಟ್ಟುಮರ. ಅದನ್ನು ಯಾರೂ ಎಲ್ಲಿಗೂ ಕರೆಯುತ್ತಿರಲಿಲ್ಲ. ಫೋನಿನಲ್ಲಿ ಅದನ್ನು ನೋಡಿದಾಗಲೆಲ್ಲ ಅವಳ ಭುಜ ಇಳಿಯುತ್ತಿತ್ತು. ಅತ್ತೆ ಕನ್ನಡಕ ಏರಿಸಿ ನೋಡಿ, "ದೋಣಿ ಇದೆ, ಬೆಸ್ತ ಎಲ್ಲಿ? ಮುಳುಗಿಹೋದನಾ?" ಅಂದರು. ವಿಭಾ ಫೋನು ಆರಿಸಿ ಅಡುಗೆಮನೆಗೆ ಹೋದಳು. ಜಗಳಕ್ಕೂ ಸ್ವಲ್ಪ ಶಕ್ತಿ ಬೇಕಾಗುತ್ತದೆ.

ಆ ಶನಿವಾರ ಮಧ್ಯಾಹ್ನ ಅವಳು ಗಟ್ಟಿ ಮನಸ್ಸು ಮಾಡಿದಳು. ಗುರುಚರಣ ಕ್ಷೌರಕ್ಕೆ ಹೋಗಿದ್ದ. ಒಣಗಿದ ಬಟ್ಟೆ ಮಡಿಸುತ್ತಾ, ಯಾರನ್ನೂ ಕೇಳುವುದಿಲ್ಲ, ದೋಣಿಯನ್ನು ಇವತ್ತೇ ತರಿಸಿಬಿಡುತ್ತೇನೆ, ಬಂದ ಮೇಲೆ ಏನು ಬೇಕಾದರೂ ಅಂದುಕೊಳ್ಳಲಿ ಅಂತ ಫೋನು ಕೈಗೆ ತೆಗೆದುಕೊಂಡಳು. ಆಗಲೇ ಬಾಗಿಲ ಗಂಟೆ ಆಯಿತು.

ಗೋದಾಬಾಯಿ ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆಗೆದರು. ವಡಪಳನಿಯ ಫ್ರೇಮ್ ಅಂಗಡಿಯಿಂದ ಬಂದ ಒಬ್ಬ ನಡುವಯಸ್ಸಿನ ಮನುಷ್ಯ, ಪೇಪರ್ ಸುತ್ತಿದ ಬಾಗಿಲಷ್ಟು ದೊಡ್ಡ ಕಟ್ಟು ಹಿಡಿದು ನಿಂತಿದ್ದ. "ಗುರುಚರಣ್ ಸಾರ್ ವೀಡು ತಾನೇ?" ಅಂತ ತಗ್ಗಿದ ದನಿಯಲ್ಲಿ ಕೇಳಿ, ಚಪ್ಪಲಿ ಹೊರಗೆ ಬಿಟ್ಟು, ಮುಖ ಸಣ್ಣದು ಮಾಡಿಕೊಂಡು ಒಳಗೆ ಬಂದ. ಕಟ್ಟು ಬಿಚ್ಚಿ ಬೋಳು ಗೋಡೆಗೆ ಒರಗಿಸಿದ. ಜೇಬಿನಿಂದ ಗಂಧದ ಚಕ್ಕೆಯ ಹಾರ ತೆಗೆದು ಅದಕ್ಕೆ ಹಾಕಿದ. ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ.

ಆಮೇಲೆ ಚಿತ್ರ ನೋಡಿದ. ಪಕ್ಕದಲ್ಲಿ ನಿಂತ ಮುದುಕಿಯನ್ನು ನೋಡಿದ. ಮತ್ತೆ ಚಿತ್ರ ನೋಡಿದ.

ನೀವು ಇವರ ತಂಗಿಯಾ ಅಂತ ತಮಿಳಿನಲ್ಲಿ ಕೇಳಿದ.

"ಅದು ನಾನೇ ಕಣಪ್ಪಾ" ಅಂದರು ಗೋದಾಬಾಯಿ, ಅದೂ ತಮಿಳಿನಲ್ಲೇ, ಯಾವ ಸಂಕೋಚವೂ ಇಲ್ಲದೆ.

ಪಾಪ, ಆ ಮನುಷ್ಯನಿಗೆ ಬಾಯಿಪಾಠವಾದ ಕೆಲಸ. ಬಾಯಿ ತಾನಾಗಿಯೇ ಮುಂದಕ್ಕೆ ಹೋಯಿತು. ಕೆಳಗೆ ಹುಟ್ಟಿದ ತಾರೀಖು ಅಂಟಿಸಿದ್ದೇವೆ, ಇನ್ನೊಂದು ತಾರೀಖು ಸಾರ್ ಕೊಟ್ಟಿಲ್ಲ, ಜಾಗ ಬಿಟ್ಟಿದ್ದೇವೆ, ಈಗ ಹೇಳಿದರೆ ಅಂಟಿಸಿಯೇ ಹೋಗುತ್ತೇನೆ ಅಂದ.

"ಅದು ನಂಗೂ ಇನ್ನೂ ತಿಳಿದಿಲ್ಲಪ್ಪ" ಅಂದರು ಗೋದಾಬಾಯಿ.

ಅವನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದ. ಲಿಫ್ಟಿಗೂ ಕಾಯಲಿಲ್ಲ.

ಅರ್ಧ ಮಡಿಸಿದ ಬೆಡ್‌ಶೀಟ್ ಹಿಡಿದು ನಿಂತಿದ್ದ ವಿಭಾಳಿಗೆ ಮೊದಲು ನಗು ಉಕ್ಕಿಬಂತು. ಅದರ ಬೆನ್ನಿಗೇ ಸಿಟ್ಟು ಬಂತು, ಬೆಡ್‌ಶೀಟನ್ನು ಸೋಫಾದ ಮೇಲೆ ಎಸೆದಳು.

"ಅತ್ತೆ, ಏನಿದು?"

"ನನ್ನ ಫೋಟೋ."

"ಅದು ಕಾಣತ್ತೆ. ಇಲ್ಲಿಗ್ಯಾಕೆ ಬಂತು?"

"ಗುರು ಹೇಳ್ಲಿಲ್ವಾ?"

ಗುರು ಹೇಳಿರಲಿಲ್ಲ. ಅಷ್ಟರಲ್ಲಿ ಅವನೇ ಬಂದ. ಕತ್ತಿನ ತುಂಬ ಪೌಡರು. ಒರಗಿ ನಿಂತ ಚಿತ್ರ, ಹಾರ, ಹೆಂಡತಿಯ ಮುಖ, ಮೂರನ್ನೂ ನೋಡಿದ್ದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಯಾರೂ ಕೇಳದೆಯೇ ಶುರುಮಾಡಿದ. "ಮನೆಗೆ ತರಬೇಡ, ನಾನೇ ಬಂದು ತಗೋತೀನಿ ಅಂತ ಅವನಿಗೆ ಪಡಿಚ್ಚಿ ಪಡಿಚ್ಚಿ, ನೂರು ಸಲ ಹೇಳಿದ್ದೆ ವಿಭಾ. ಪರಣ್ ಮೇಲೆ, ಅಟ್ಟದಲ್ಲಿ ಇಟ್ಟಿದ್ದು, ಕಾಲ ಬಂದಾಗ ಈ ಗೋಡೆಗೆ ಹಾಕೋಣ ಅಂತ..."

"ಯಾವಾಗ ಕೊಟ್ಟಿದ್ದು?"

"ಪೊಂಗಲ್ ಟೈಮಲ್ಲಿ."

"ಅಂದ್ರೆ ಪೊಂಗಲ್‌ನಿಂದ ಈ ಗೋಡೆ ಅಮ್ಮಂದು ಅಂತ ನಿಮ್ಗೆ ಗೊತ್ತಿತ್ತು. ಆದ್ರೂ ಭಾನುವಾರ ಭಾನುವಾರ ನನ್ನ ಅಂಗಡಿ ಅಂಗಡಿ ತಿರುಗಿಸಿದ್ರಿ."

"ಹಂಗಲ್ಲ. ಇಬ್ರಿಗೂ ಒಪ್ಪೋಂಥದ್ದು ಏನಾದ್ರೂ ಸಿಕ್ಕಿದ್ರೆ ಸರಿ, ಇಲ್ಲಾಂದ್ರೆ ಗೋಡೆ ಹಂಗೇ ಇರ್ಲಿ ಅಂತ..."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗುರುಚರಣನ ಇಡೀ ಸಂಸಾರ ನಡೆದದ್ದೇ ಈ ಸೂತ್ರದ ಮೇಲೆ. ಹಾವು ಹೊಡೆಯಲು ಹೋಗಿ ಸುಸ್ತಾಗುವವಳು ಮಾತ್ರ ವಿಭಾ.

"ನಾನು ನಿಮ್ಮನ್ನ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ಗೋಡೆ" ಅಂದಳು. "ಹಾಕ್ಬೇಡ, ಅದು ಅಮ್ಮಂಗೆ ಬೇಕು ಅಂತ ಹೇಳಿದ್ರೆ ಸಾಕಾಗಿತ್ತು. ಭಾನುವಾರನಾದ್ರೂ ಮಲಗ್ತಿದ್ದೆ."

ಅವಳಿಗೆ ಅಳು ಬಂತು. ಗೋಡೆ ಹೋಯಿತು ಅಂತಲ್ಲ, ಅಷ್ಟೊಂದು ಭಾನುವಾರ ಹೋದವಲ್ಲ ಅಂತ. ಗುರುಚರಣ ಪೌಡರು ಒರೆಸಿಕೊಳ್ಳುತ್ತಾ ನಿಂತ.

ಗೋದಾಬಾಯಿ ನಿಧಾನವಾಗಿ ಕುರ್ಚಿಯಲ್ಲಿ ಕೂತರು. "ಅವನನ್ನ ಬಯ್ಬೇಡ. ಹೇಳ್ಬೇಡ ಅಂದೋಳು ನಾನೇ. ನಿನ್ನ ಮಾವ ಹೋದಾಗ ಏನಾಯ್ತು, ನೆನಪಿದ್ಯಾ?"

ವಿಭಾಳಿಗೆ ನೆನಪಿತ್ತು. ಬದರಿನಾಥರು ಇದ್ದಕ್ಕಿದ್ದ ಹಾಗೆ ಹೋದಾಗ ಹತ್ತನೇ ದಿನಕ್ಕೆ ಫೋಟೋ ಬೇಕಾಯಿತು, ಒಂದೂ ಸಿಗಲಿಲ್ಲ. ರೈಲ್ವೆ ಗುರುತಿನ ಚೀಟಿಯ ಬೆರಳಗಲದ ಚಿತ್ರವನ್ನೇ ದೊಡ್ಡದು ಮಾಡಿಸಿದ್ದರು. ಇದ್ದಾಗ ನಗುನಗುತ್ತಾ ಇದ್ದ ಮನುಷ್ಯ ಅದರಲ್ಲಿ ಪೊಲೀಸ್ ಠಾಣೆಯಲ್ಲಿ ನಿಂತ ಕಳ್ಳನ ಹಾಗೆ ಕಾಣುತ್ತಿದ್ದರು.

"ಆಮೇಲೆ ಈ ಮನೆಗೆ ಬಂದಾಗ ಅವರನ್ನ ಎಲ್ಲಿ ಹಾಕಿದ್ರಿ? ಹೋದೋರನ್ನ ದಕ್ಷಿಣದ ಗೋಡೆಗೆ ಹಾಕ್ಬೇಕು ಅಂತ ವಾಷಿಂಗ್ ಮಷೀನಿನ ಮೇಲೆ ಹಾಕಿದ್ರಿ. ಬಟ್ಟೆ ಒಗೆಯೋವಾಗೆಲ್ಲ ಗಡಗಡ ಅಂತ ನಡುಗ್ತಾರೆ. ಈ ಮನೇಲಿ ದಕ್ಷಿಣದ ಗೋಡೆ ಇರೋದು ಎರಡು, ಅದೊಂದು, ಇದೊಂದು. ನಂಗೆ ಆ ಸೋಪಿನ ಪುಡಿ ಪಕ್ಕ ಬೇಡ. ಇಲ್ಲಿ ಬೆಲೆಬಾಳೋ ಚಿತ್ರ ಒಂದ್ಸಲ ಏರಿತು ಅಂದ್ರೆ, ನಾನು ಸತ್ತೆ ಅಂತ ಅದನ್ನ ಯಾರು ಇಳಿಸ್ತಾರೆ?"

ವಿಭಾ ವಾಷಿಂಗ್ ಮಷೀನಿದ್ದ ಕಡೆ ತಿರುಗಿ ನೋಡಿದಳು. ಮಾವನನ್ನು ಅಲ್ಲಿ ಹಾಕಿಸಿದವಳು ಅವಳೇ. ಸಾಮಾನು ಇಳಿಸುವ ಗಡಿಬಿಡಿಯಲ್ಲಿ, ಸದ್ಯಕ್ಕೆ ಅಲ್ಲಿರಲಿ ಅಂದಿದ್ದಳು. ಸದ್ಯ ಅನ್ನುವುದು ಹಾಗೇ ಉಳಿದುಹೋಗಿತ್ತು.

ಅವಳು ನೆಲದ ಮೇಲೆ ಚಿತ್ರದ ಎದುರಿಗೆ ಕೂತಳು. ಆಗಲೇ ಅದನ್ನು ಸರಿಯಾಗಿ ನೋಡಿದ್ದು. ಮೂವತ್ತೈದರ ಒಳಗಿನ ಗೋದಾಬಾಯಿ. ಹಣೆ ತುಂಬ ಕುಂಕುಮ, ಕಚ್ಚೆ ಸೀರೆ. ಯಾವುದೋ ಬೆಟ್ಟದ ಮೇಲಿನ ಕಲ್ಲುಬೆಂಚಿನಲ್ಲಿ ಕಾಲು ಇಳಿಬಿಟ್ಟು, ಎರಡೂ ಕೈ ಮಡಿಲಲ್ಲಿ ಚೆಲ್ಲಿ, ಬಾಯಿ ತುಂಬ ನಗುತ್ತಿದ್ದರು. ಈ ನಗುವನ್ನು ವಿಭಾ ಇಷ್ಟು ವರ್ಷದಲ್ಲಿ ಒಂದು ಸಲವೂ ಕಂಡಿರಲಿಲ್ಲ.

"ಇದು ಎಲ್ಲಿ ಅತ್ತೆ?"

"ಏರ್ಕಾಡು. ರೈಲ್ವೆಯವರು ಎಲ್ರನ್ನೂ ಕರ್ಕೊಂಡು ಹೋಗಿದ್ರು. ಮಕ್ಕಳನ್ನ ನಮ್ಮಮ್ಮನ ಹತ್ರ ಬಿಟ್ಟು ಬಂದಿದ್ದೆ."

"ಏನು ಇಷ್ಟೊಂದು ನಗು?"

ಗೋದಾಬಾಯಿ ಮೊಣಕಾಲು ನೀವಿಕೊಂಡರು. "ಅವತ್ತು ಏಕಾದಶಿ ಕಣೇ" ಅಂದರು. "ನಮ್ಮೋರು ಯಾರೂ ಊಟ ಮಾಡೋ ಹಾಗಿಲ್ಲ. ನಾನು ಒಲೆ ಹಚ್ಚೋ ಹಾಗಿಲ್ಲ. ಬೆಳಗಿನಿಂದ ಒಬ್ರೂ ಗೋದಾ ಕಾಫಿ, ಗೋದಾ ಎಲೆ ಹಾಕು, ಗೋದಾ ಸಾರು ಅಂತ ಕೂಗ್ಲಿಲ್ಲ. ಹೊಟ್ಟೆ ಚುರುಚುರು ಅಂತಿತ್ತು, ನೀರು ಕೂಡ ಕುಡಿದಿರ್ಲಿಲ್ಲ. ಆದ್ರೆ ಕೈಗೆ ಕೆಲಸ ಇರ್ಲಿಲ್ಲ. ಮದುವೆಯಾದ ಮೇಲೆ ನಾನು ಸುಮ್ಮನೆ ಕೂತಿದ್ದು ಅವತ್ತೇ. ನನ್ನ ಹತ್ರ ಇರೋ ಫೋಟೋದಲ್ಲಿ ನಾನು ಸುಸ್ತಾಗಿಲ್ಲದೆ ಇರೋದು ಇದೊಂದೇ."

ವಿಭಾ ಕೈಯಲ್ಲಿದ್ದ ಫೋನಿನ ಕಡೆ ನೋಡಿದಳು. ಅದರಲ್ಲಿ ಸಾವಿರಾರು ಫೋಟೋ. ವೀಕ್ಷಾಳ ಹುಟ್ಟುಹಬ್ಬ, ಗಂಡನ ಬ್ಯಾಂಕಿನ ಸಮಾರಂಭ, ಗೃಹಪ್ರವೇಶ, ಎಲ್ಲವನ್ನೂ ತೆಗೆದವಳು ಅವಳು, ಹಾಗಾಗಿ ಯಾವುದರಲ್ಲೂ ಅವಳಿಲ್ಲ. ಒಂದೆರಡರಲ್ಲಿ ಮೂಲೆಯಲ್ಲಿ ತಟ್ಟೆ ಹಿಡಿದು ನಿಂತಿದ್ದಾಳೆ. ನಾಳೆ ತನಗೇನಾದರೂ ಆದರೆ ಇವರು ಏನು ದೊಡ್ಡದು ಮಾಡಿಸುತ್ತಾರೆ ಅಂತ ಯೋಚಿಸಿದಳು. ದಿನಾ ಕೊರಳಿಗೆ ಹಾಕಿಕೊಂಡು ಹೋಗುವ ಆಫೀಸಿನ ಗುರುತಿನ ಚೀಟಿಯ ಮುಖವೊಂದೇ ಇತ್ತು. ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಎದ್ದು ಹೋಗಿ ಚಿತ್ರದ ಮೇಲಿನ ಹಾರ ತೆಗೆದಳು. ಕೆಳಗೆ ಅಂಟಿಸಿದ್ದ ತಾರೀಖನ್ನು ಉಗುರಿನಿಂದ ಕೆರೆದು ಕಿತ್ತಳು.

"ರೀ, ಡ್ರಿಲ್ ತನ್ನಿ."

"ಯಾಕೆ?"

"ಇದನ್ನ ಹಾಕೋದಕ್ಕೆ. ಈಗಲೇ."

ಗುರುಚರಣ ಗರಬಡಿದವನ ಹಾಗೆ ನಿಂತ. "ತಮಾಷೆ ಮಾಡ್ತಿದ್ದೀಯಾ? ಬದುಕಿರೋರನ್ನ ದಕ್ಷಿಣದ ಗೋಡೆಗೆ ಹಾಕ್ತಾರಾ? ಬಂದೋರು ಏನಂತಾರೆ? ಅಪಶಕುನ ವಿಭಾ!"

"ಸತ್ತ ಮೇಲೆ ಹಾಕಿದ್ರೆ ಅವರು ಎಲ್ಲಿಂದ ನೋಡ್ತಾರೆ?"

ಅವನು ತಾಯಿಯ ಕಡೆ ತಿರುಗಿದ. ಗೋದಾಬಾಯಿ, ಎಲ್ಲದಕ್ಕೂ ಒಂದು ತಕರಾರು ಇಟ್ಟುಕೊಂಡಿದ್ದ ಗೋದಾಬಾಯಿ, ಬಾಯಿಗೆ ಸೆರಗು ಹಿಡಿದು ಚಿತ್ರವನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು. ಬೇಡ ಅನ್ನಲಿಲ್ಲ.

ಗುರುಚರಣ ಡ್ರಿಲ್ ತಂದ, ಸ್ಟೂಲ್ ಹತ್ತಿದ, ಗೋಡೆಯ ನಟ್ಟನಡುವೆ ಪೆನ್ಸಿಲಿನಿಂದ ಗುರುತು ಹಾಕಿದ. ವಿಭಾ ಕೆಳಗಿನಿಂದ ನೋಡುತ್ತಾ ನಿಂತಳು. ಒಳ್ಳೆಯ ಕೆಲಸ ಮಾಡಿದೆ ಅನ್ನುವ ಸಂತೋಷವೇನೂ ಅವಳಿಗಿರಲಿಲ್ಲ. ದಣಿವಿತ್ತು, ಸ್ವಲ್ಪ ಸಂಕಟವೂ ಇತ್ತು.

"ನಿನ್ನ ಗೋಡೆ ಹೋಯ್ತಲ್ಲೇ" ಅಂದರು ಗೋದಾಬಾಯಿ, ಮೆತ್ತಗೆ.

"ಹೋಯ್ತು" ಅಂದಳು ವಿಭಾ. ಸುಳ್ಳು ಹೇಳುವಷ್ಟು ಶಕ್ತಿ ಉಳಿದಿರಲಿಲ್ಲ.

ಡ್ರಿಲ್ ಗುರ್ ಅಂತ ಶುರುವಾಯಿತು. ಗೋದಾಬಾಯಿ ಕೈಯೆತ್ತಿ ತಡೆದರು.

"ಏ ಗುರು, ನಿಲ್ಸೋ. ನಡುವೆ ಹೊಡೀಬೇಡ. ಎರಡು ಮೊಳ ಎಡಕ್ಕೆ ಹೊಡಿ. ಪಕ್ಕದಲ್ಲಿ ಅವಳಿಗೂ ಜಾಗ ಬೇಕು."

ಗುರುಚರಣ ಸ್ಟೂಲಿನ ಮೇಲೇ ಕಲ್ಲಾದ. ವಿಭಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೋದಾಬಾಯಿ ಅವಳ ಮುಖವನ್ನು ಅಳೆಯುವ ಹಾಗೆ ನೋಡಿದರು, ಕೆನ್ನೆಗಂಟಿದ ಕೂದಲನ್ನು ಹಿಂದಕ್ಕೆ ಸರಿಸಿದರು.

"ಈ ಮುಖ ಬೇಡ" ಅಂದರು. "ನಾಳೆ ಒಲೆ ಹತ್ರ ಬರಬೇಡ. ಸುಮ್ಮನೆ ಕೂತ್ಕೋ. ಫೋಟೋ ನಾನು ತೆಗೀತೀನಿ."