ಮೂರನೆಯ ಟೋ ಲೂಪ್

ಎಮೆಟ್ ಸೊರೆನ್ಸನ್‌ಗೆ ಬಲಗಾಲಿನ ಬೂಟು ಕಟ್ಟಿಕೊಳ್ಳುವುದಕ್ಕೇ ಹನ್ನೊಂದು ನಿಮಿಷ ಹಿಡಿಯಿತು. ಹತ್ತು ವರ್ಷದ ಹಿಂದೆ ಎರಡೂ ಕಾಲಿಗೆ ಸೇರಿ ನಾಲ್ಕು ನಿಮಿಷ ಸಾಕಾಗುತ್ತಿತ್ತು. ಈಗ ಹಿಮ್ಮಡಿಯ ಗಂಟಿಗೆ ಸ್ಪಂಜಿನ ತುಂಡು ಇಡಬೇಕು, ಕಣಕಾಲಿಗೆ ಪಟ್ಟಿ ಸುತ್ತಬೇಕು. ಲೇಸು ಬಿಗಿಯಾದರೆ ಪಾದ ಜೋಮು ಹಿಡಿಯುತ್ತದೆ, ಸಡಿಲವಾದರೆ ಕಾಲು ಒಳಗೇ ಹೊರಳುತ್ತದೆ. ಕಟ್ಟುವುದು, ಬಿಚ್ಚುವುದು, ಬೈದುಕೊಂಡು ಮತ್ತೆ ಕಟ್ಟುವುದು. ಇಪ್ಪತ್ತೊಂಬತ್ತು ಅಂದರೆ ಊರ ಕಣ್ಣಿಗೆ ಇನ್ನೂ ಹುಡುಗನೇ. ಆದರೆ ಫಿಗರ್ ಸ್ಕೇಟಿಂಗ್‌ನಲ್ಲಿ ಅದು ಕೋಲೂರುವ ವಯಸ್ಸು. ಒಮಾಹಾದ ಆ ಡ್ರೆಸ್ಸಿಂಗ್ ರೂಮಿನಲ್ಲಿ ಅವನನ್ನು ಬಿಟ್ಟರೆ ಹಿರಿಯ ಅನ್ನಿಸಿಕೊಂಡವನಿಗೆ ಇಪ್ಪತ್ತಮೂರು.

"ಆಯ್ತೇನೋ ಶೃಂಗಾರ? ಮದುಮಗಳೂ ಇಷ್ಟು ಹೊತ್ತು ಮಾಡಲ್ಲ," ಅಂದರು ಡೊರೀನ್ ಮಕ್ಲಾಸ್ಕಿ.

ಡೊರೀನ್ ಅವನ ಕೋಚ್, ಅರವತ್ತೆಂಟರ ಹೆಂಗಸು. ಎಮೆಟ್‌ಗೆ ಆರು ವರ್ಷವಾಗಿದ್ದಾಗ, ಡುಲೂತ್‌ನ ಐಸ್ ರಿಂಕಿನಲ್ಲಿ, ಅಕ್ಕನ ಕ್ಲಾಸು ಮುಗಿಯುವ ತನಕ ಸುಮ್ಮನೆ ಕೂರಲಾಗದೆ ಚಾಕೊಲೇಟ್ ಮಷೀನಿಗೆ ಒದೆಯುತ್ತಿದ್ದವನನ್ನು ಎಳೆದು ತಂದು, ಬಾಡಿಗೆ ಬೂಟು ತೊಡಿಸಿ, "ಒದೆಯೋದಿದ್ರೆ ಐಸ್‌ನ ಒದಿ" ಅಂದವರು ಇವರೇ. ಅಕ್ಕ ಎರಡೇ ವರ್ಷಕ್ಕೆ ಬಿಟ್ಟುಬಿಟ್ಟಳು. ತಮ್ಮ ಇಪ್ಪತ್ತಮೂರು ವರ್ಷದಿಂದ ಒದೆಯುತ್ತಲೇ ಇದ್ದಾನೆ.

"ಸರಿ, ಹೇಳು. ಮೊದಲ್ನೇ ಟೋ ಲೂಪ್ ನಾಲ್ಕು ಸುತ್ತು ಬರ್ದೆ ಮೂರಕ್ಕೇ ನಿಂತ್ರೆ?"

"ಕೊನೇದನ್ನ ಎರಡಕ್ಕೆ ಇಳಿಸ್ಬೇಕು."

"ಇನ್ನೊಂದ್ಸಲ ಹೇಳು."

"ಕೊನೇದು ಎರಡೇ ಸುತ್ತು, ಡೊರೀನ್. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ."

"ನಿದ್ದೇಲಿ ಬೇಡಪ್ಪ. ಐಸ್ ಮೇಲೆ ನೆನಪಿದ್ರೆ ಸಾಕು."

ಹೊರಗಿನವರಿಗೆ ಇದು ಹುಚ್ಚರ ಲೆಕ್ಕ ಅನ್ನಿಸೀತು. ಒಂದು ಪ್ರೋಗ್ರಾಂನಲ್ಲಿ, ಅಂದರೆ ಸಂಗೀತಕ್ಕೆ ಆಡುವ ಒಂದು ಸರದಿಯಲ್ಲಿ, ಮೂರು ಸುತ್ತಿನ ಟೋ ಲೂಪ್ ನೆಗೆತವನ್ನು ಎರಡು ಸಲ ಮಾಡಬಹುದು, ಅಷ್ಟೆ. ಮೂರನೆಯ ಸಲ ಮಾಡಿದರೆ, ದೇವರೇ ಇಳಿದು ಬಂದು ಮಾಡಿದಷ್ಟು ಚೆಂದವಾಗಿದ್ದರೂ, ಅದಕ್ಕೆ ಸೊನ್ನೆ. ಎಮೆಟ್‌ನ ಪ್ರೋಗ್ರಾಂನಲ್ಲಿ ಶುರುವಿಗೆ ನಾಲ್ಕು ಸುತ್ತಿನ ಟೋ ಲೂಪ್, ನಡುವೆ ಒಂದು ಮೂರರದು, ಕೊನೆಗೆ ಇನ್ನೊಂದು ಮೂರರದು. ನಾಲ್ಕರದ್ದು ಬೇರೆ ಲೆಕ್ಕ, ಹಾಗಾಗಿ ತೊಂದರೆಯಿಲ್ಲ. ಆದರೆ ಆ ನಾಲ್ಕರದು ಗಾಳಿಯಲ್ಲೇ ಬಿಚ್ಚಿಕೊಂಡು ಮೂರಾಗಿಬಿಟ್ಟರೆ, ಮೂರರವೇ ಮೂರಾಗುತ್ತವೆ. ಆಗ ಕೊನೆಯದನ್ನು ಬೇಕೆಂದೇ ಕಡಿಮೆ ಮಾಡಬೇಕು. ಏದುಸಿರು ಬಿಡುತ್ತಾ, ಉರಿಯುವ ತೊಡೆಗಳನ್ನು ಎಳೆದುಕೊಂಡು ಹೋಗುವಾಗ, ಈ ಲೆಕ್ಕವೂ ತಲೆಯಲ್ಲಿರಬೇಕು.

ಆ ದಿನ ಅವನಿಗೆ ಬೇಕಾಗಿದ್ದದ್ದು ಒಂದೇ: ಮೂರನೆಯ ಸ್ಥಾನ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಮೊದಲ ಮೂವರು ಮಾರ್ಚ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗುತ್ತಾರೆ. ಎಮೆಟ್ ಅಲ್ಲಿಗೆ ಒಮ್ಮೆಯೂ ಹೋಗಿಲ್ಲ. ಮೂರು ಸಲ ನಾಲ್ಕನೆಯವನಾಗಿದ್ದಾನೆ. ಬೇರೆ ಕಡೆ ಪದಕಗಳು ಮೂರಕ್ಕೇ ಮುಗಿಯುತ್ತವೆ. ಅಮೆರಿಕದವರು ಮಾತ್ರ ನಾಲ್ಕನೆಯವನನ್ನೂ ಪೀಠ ಹತ್ತಿಸಿ, ತವರ ಬಣ್ಣದ ಒಂದು ಪದಕ ಕೊರಳಿಗೆ ಹಾಕಿ ಮೂಗಿಗೆ ತುಪ್ಪ ಸವರುತ್ತಾರೆ. ಅದರ ಜೊತೆಗೆ ಬದಲಿ ಆಟಗಾರ ಎನ್ನುವ ಪದವಿ. ಅಂದರೆ ಮೂವರಲ್ಲಿ ಯಾರಾದರೂ ಕಾಲು ಮುರಿದುಕೊಂಡರೆ ಹೋಗುವುದಕ್ಕೆ ತಯಾರಾಗಿ ಒಂಬತ್ತು ವಾರ ದಿನಾ ಬೆಳಗ್ಗೆ ಐಸ್ ಮೇಲಿರಬೇಕು. ಮೂರು ವರ್ಷವೂ ಎಮೆಟ್ ತಯಾರಾಗಿದ್ದ. ಎರಡನೆಯ ಸಲವಂತೂ ಸೂಟ್‌ಕೇಸ್ ಕಟ್ಟಿ ಬಾಗಿಲ ಬಳಿಯೇ ಇಟ್ಟುಕೊಂಡಿದ್ದ. ಯಾರ ಕಾಲೂ ಮುರಿಯಲಿಲ್ಲ. ಮುರಿಯಲಿ ಎಂದು ಒಳಗೊಳಗೇ ಆಸೆಪಟ್ಟದ್ದಕ್ಕೆ ಅವನಿಗೆ ಈಗಲೂ ತನ್ನ ಮೇಲೆ ಹೇಸಿಗೆಯಿದೆ.

ಈ ವರ್ಷ ಮೊದಲ ದಿನದ ಕಿರು ಸುತ್ತು ಮುಗಿದಾಗ ಅವನು ಮೂರನೆಯವನಾಗಿದ್ದ. ಇವತ್ತಿನದು ನಾಲ್ಕು ನಿಮಿಷದ ದೊಡ್ಡ ಸುತ್ತು. ಇದೇ ಕೊನೆ ಎಂದು ಡೊರೀನ್‌ಗೂ ಅಮ್ಮನಿಗೂ ಕ್ರಿಸ್‌ಮಸ್‌ಗೆ ಮುಂಚೆಯೇ ಹೇಳಿಬಿಟ್ಟಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಸುಸ್ತಾಗಿತ್ತು. ಒಂದು ರಾತ್ರಿ ಮಲಗಿ ಎದ್ದರೆ ಹೋಗುವ ಸುಸ್ತಲ್ಲ. ಮೂಳೆಯೊಳಗೆ ಮನೆ ಮಾಡಿಕೊಂಡು ಕೂತ ಸುಸ್ತು. ಬೆಳಗಿನ ಆರು ಗಂಟೆಗೆ ರಿಂಕಿನ ದೀಪ ಹತ್ತುವ ಸದ್ದು ಕೇಳಿದರೆ ಸಾಕು, ಬೂಟಿನ ಚೀಲ ಕೆಳಗಿಟ್ಟು ಬಾಗಿಲಲ್ಲೇ ನಿಂತುಬಿಡುತ್ತಿದ್ದ. ಒಂದೇ ಒಂದು ಸಲ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಿ, ಅಲ್ಲಿ ಇಪ್ಪತ್ತನೆಯವನಾದರೂ ಚಿಂತೆಯಿಲ್ಲ, ಬೂಟು ಬಿಚ್ಚಿಟ್ಟು ಮಲಗಿಬಿಡಬೇಕು ಅನ್ನಿಸುತ್ತಿತ್ತು.

ಚೀಟಿ ಎತ್ತಿದಾಗ ಕೊನೆಯ ಸರದಿ ಅವನಿಗೇ ಬಂದಿತ್ತು. ಅವನು ಐಸ್‌ಗೆ ಇಳಿಯುವ ಹೊತ್ತಿಗೆ ಉಳಿದವರೆಲ್ಲರ ಅಂಕ ಬಂದಾಗಿತ್ತು. ಮೂರನೆಯ ಜಾಗದಲ್ಲಿ ಕೂತಿದ್ದವನು ಡಾರಿಯನ್ ಚೋ, ಹದಿನೆಂಟರವನು. ಅವನನ್ನು ದಾಟಬೇಕು. ಡೊರೀನ್ ಬೇಲಿಯಾಚೆಯಿಂದ ಎಮೆಟ್‌ನ ಎರಡೂ ಕೈ ಹಿಡಿದು, "ಹೋಗು, ಮುಗಿಸ್ಕೊಂಡು ಬಾ," ಅಂದರು.

ಶುರುವಿನ ಟೋ ಲೂಪ್‌ಗೆ ಓಟ ಚೆನ್ನಾಗಿಯೇ ಸಿಕ್ಕಿತು. ಕಾಲ್ತುದಿ ಐಸ್‌ಗೆ ಕಚ್ಚಿತು, ಮೈ ಮೇಲೆದ್ದಿತು. ಎರಡನೆಯ ಸುತ್ತಿನಲ್ಲೇ ಎಡ ಭುಜ ತೆರೆದುಕೊಳ್ಳುತ್ತಿರುವುದು ಅವನಿಗೆ ಗೊತ್ತಾಯಿತು. ಗೊತ್ತಾದರೆ ಏನು ಬಂತು, ಗಾಳಿಯಲ್ಲಿ ಹಿಡಿದುಕೊಳ್ಳುವುದಕ್ಕೆ ಏನಿರುತ್ತದೆ? ಮೂರೇ ಸುತ್ತಿಗೆ ಇಳಿದ. ಬೀಳಲಿಲ್ಲ, ಜನ ಚಪ್ಪಾಳೆಯನ್ನೂ ತಟ್ಟಿದರು. ಕೊನೆಯದು ಎರಡು, ಕೊನೆಯದು ಎರಡು ಎಂದು ಹೇಳಿಕೊಳ್ಳುತ್ತಲೇ ಮುಂದಿನ ನೆಗೆತಕ್ಕೆ ಓಡಿದ.

ಆಮೇಲೆ ಒಂದು ವಿಚಿತ್ರ ನಡೆಯಿತು. ಎಲ್ಲವೂ ಸರಿ ಹೋಗತೊಡಗಿತು. ವರ್ಷವಿಡೀ ಕೈಕೊಟ್ಟ ಆಕ್ಸೆಲ್ ನೆಗೆತ ಬಂತು, ಮತ್ತೊಂದು ಸಲವೂ ಬಂತು. ನಡುವಿನ ಟೋ ಲೂಪ್ ಬಂತು. ಮಂಡಿ ನೋಯುತ್ತಿತ್ತು, ಆದರೆ ಆ ನೋವು ಪಕ್ಕದ ಮನೆಯವರ ಜಗಳದ ಹಾಗೆ ದೂರದಲ್ಲಿತ್ತು. ಪಿಯಾನೊ ಏರುತ್ತಾ ಹೋದಂತೆ ಜನ ತಾಳ ಹಾಕತೊಡಗಿದರು. ಎಷ್ಟು ವರ್ಷವಾಗಿತ್ತು ಅವನಿಗೆ ಹೀಗೆ ಯಾರಾದರೂ ತಾಳ ಹಾಕಿ! ಎದೆಯೊಳಗೆ ಏನೋ ಸಡಿಲವಾಯಿತು. ಸಂತೋಷವೇ ಇರಬೇಕು, ಅದರ ಗುರುತು ಸಿಗುವುದಕ್ಕೇ ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಕೊನೆಯ ಜೋಡಿ ನೆಗೆತ ಬಂದಾಗ ಅವನು ಯೋಚಿಸುತ್ತಿರಲಿಲ್ಲ. ಮೊದಲು ಸಾಲ್ಕೊ, ಅದರ ಬೆನ್ನಿಗೇ ಟೋ ಲೂಪ್. ಆರು ವರ್ಷದಿಂದ ದಿನಕ್ಕೆ ಹತ್ತು ಸಲ ಮಾಡಿದ ಜೋಡಿ. ಸಾಲ್ಕೊ ಇಳಿಯಿತು, ಎಡಗಾಲ ತುದಿ ಕಚ್ಚಿತು, ಮೈ ತನಗೆ ಗೊತ್ತಿದ್ದನ್ನು ಮಾಡಿತು. ಒಂದು, ಎರಡು, ಮೂರು. ಇಳಿದದ್ದು ಎಷ್ಟು ಹಗುರವಾಗಿತ್ತೆಂದರೆ ಬ್ಲೇಡಿನ ಸದ್ದೇ ಕೇಳಲಿಲ್ಲ. ಎಂಟು ಸಾವಿರ ಜನ ಎದ್ದು ನಿಂತರು.

ಕೊನೆಗೆ ನಿಂತಲ್ಲೇ ಬುಗುರಿಯಂತೆ ಸುತ್ತುವುದೊಂದು ಉಳಿದಿತ್ತು. ನಾಲ್ಕನೆಯ ಸುತ್ತೋ ಐದನೆಯದೋ ಇರಬೇಕು, ಎಮೆಟ್‌ಗೆ ಲೆಕ್ಕ ನೆನಪಾಯಿತು. ಶುರುವಿನದೊಂದು. ನಡುವಿನದೊಂದು. ಈಗ ಮಾಡಿದ್ದೊಂದು. ಸುತ್ತುತ್ತಲೇ ಮತ್ತೊಮ್ಮೆ ಎಣಿಸಿದ. ಎಷ್ಟು ಸಲ ಎಣಿಸಿದರೂ ಮೂರೇ ಆಗುತ್ತಿತ್ತು. ಸಂಗೀತ ನಿಂತಿತು, ಅವನೂ ನಿಂತ. ಕಿವಿಗಡಚಿಕ್ಕುವ ಚಪ್ಪಾಳೆಯ ನಡುವೆ ನಾಲ್ಕು ದಿಕ್ಕಿಗೂ ತಲೆ ಬಾಗಿಸಿದ. ಜನ ಮೆಚ್ಚಿ ಐಸ್ ಮೇಲೆ ಎಸೆದ ಗೊಂಬೆಗಳನ್ನು ದಾಟಿಕೊಂಡು ಬೇಲಿಯ ಕಡೆಗೆ ನಿಧಾನಕ್ಕೆ ಬಂದ. ಡೊರೀನ್ ನಗುತ್ತಿರಲಿಲ್ಲ.

ಅಂಕ ಬರುವ ತನಕ ಕೂರುವ ಬೆಂಚಿನ ಎದುರಿಗೆ ಕ್ಯಾಮೆರಾ ಇರುತ್ತದೆ. ಇಬ್ಬರೂ ಮುಖ ಸಪ್ಪೆ ಮಾಡಿಕೊಳ್ಳದೆ ನೋಡುತ್ತಾ ಕೂತರು.

"ಎಲ್ಲಿ ಹೋಗಿತ್ತೋ ಬುದ್ಧಿ?" ಡೊರೀನ್ ತುಟಿ ಅಲ್ಲಾಡಿಸದೆ ಕೇಳಿದರು.

"ಗೊತ್ತಿಲ್ಲ. ಖುಷೀಲಿದ್ದೆ."

ಡೊರೀನ್ ಅವನ ಕೈಯನ್ನು ಗಟ್ಟಿಯಾಗಿ ಅದುಮಿದರು. ಇಪ್ಪತ್ತಮೂರು ವರ್ಷ ಇಬ್ಬರೂ ಸೇರಿ, ಹೇಳಿದ ಮಾತು ಕೇಳುವುದಿಲ್ಲ ಎಂದು ಎಮೆಟ್‌ನ ಕಾಲಿಗೆ ಬೈಯುತ್ತಾ ಬಂದಿದ್ದರು. ಇವತ್ತು ಕಾಲು ಕೇಳಿತ್ತು. ಹೇಳಬೇಕಾದವನೇ ಮರೆತಿದ್ದ.

ಅಂಕ ಬಂತು. ನಾಲ್ಕನೆಯ ಸ್ಥಾನ. ಡಾರಿಯನ್‌ಗಿಂತ ಒಂದು ಅಂಕದಷ್ಟೂ ಹಿಂದಿಲ್ಲ; ಸೊನ್ನೆ ದಶಾಂಶ ಒಂಬತ್ತು ಒಂದರಷ್ಟು ಕಡಿಮೆ. ಎಳೆ ಮಕ್ಕಳೂ ಮಾಡುವ ಎರಡು ಸುತ್ತಿನ ಟೋ ಲೂಪ್ ಮಾಡಿದ್ದರೆ ಅದಕ್ಕೆ ಹತ್ತಿರ ಹತ್ತಿರ ಒಂದೂವರೆ ಅಂಕ ಸಿಗುತ್ತಿತ್ತು. ಮೂರು ಸುತ್ತಿನದಕ್ಕೆ ಸೊನ್ನೆ. ಜನ "ಥೂ" ಎಂದು ಕೂಗಿದರು. ಪಾಪ, ತೀರ್ಪುಗಾರರನ್ನು ಬೈಯುತ್ತಿದ್ದರು.

ಪೀಠ ಹತ್ತಿ, ನಾಲ್ಕನೆಯ ಪದಕವನ್ನೂ ಕೊರಳಿಗೆ ಹಾಕಿಸಿಕೊಂಡು, ಫೋಟೊಗೆ ನಕ್ಕು, ಅವನು ಒಳಗಿನ ಕಾರಿಡಾರಿಗೆ ಬರುವಷ್ಟರಲ್ಲಿ ಅಲ್ಲಿ ಅಮ್ಮನ ಗಂಟಲು ಕೇಳಿಸುತ್ತಿತ್ತು. ವರ್ನಾ ಸೊರೆನ್ಸನ್ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು. ಹಿಂದಿನ ಸೀಟಿನ ಪುಂಡರಿಗೂ ಮುಟ್ಟುವಂಥ ಗಂಟಲು. ಸ್ಕೇಟಿಂಗ್ ಸಂಘದ ಅಧಿಕಾರಿ ಗಿಲ್ಬರ್ಟ್ ಎಂಬುವವರನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿಕೊಂಡಿದ್ದಳು. ಅವರು ಕೈಯಲ್ಲಿದ್ದ ಕಾಗದಗಳನ್ನು ಎದೆಗೆ ಅಡ್ಡ ಹಿಡಿದಿದ್ದರು.

"ಕಣ್ಣು ಎಲ್ಲಿಟ್ಟಿದ್ರು ನಿಮ್ಮ ಜಡ್ಜ್‌ಗಳು? ಆ ಕೊನೇ ನೆಗೆತ ನೋಡಿದ್ರೇನ್ರೀ ನೀವು? ಇಡೀ ಸ್ಟೇಡಿಯಂ ಎದ್ದು ನಿಂತಿತ್ತು! ನಾನು ಅಷ್ಟಕ್ಕೆ ಬಿಡೋಳಲ್ಲ, ದೂರು ಕೊಡ್ತೀನಿ. ಎಲ್ಲಿ ಕೊಡ್ಬೇಕು, ಹೇಳಿ!"

"ಅಮ್ಮಾ, ಬಿಡು ಅವ್ರನ್ನ."

"ನೀನು ಸುಮ್ನಿರು ಎಮೆಟ್. ನಿನ್ನ ಈ ಒಳ್ಳೇತನದಿಂದ್ಲೇ ಹಾಳಾಗಿದ್ದು. ಆ ನೆಗೆತ ಒಂದಕ್ಕೇ ಪದಕ ಕೊಡ್ಬೇಕಿತ್ತು ಇವರು!"

"ಜಡ್ಜ್‌ಗಳು ಸರಿಯಾಗೇ ಮಾಡಿದ್ದಾರಮ್ಮ. ಆ ನೆಗೆತದಿಂದ್ಲೇ ಹೋಗಿದ್ದು."

ವರ್ನಾ ಅವನ ಮುಖ ನೋಡಿದಳು. ಗಿಲ್ಬರ್ಟ್ ಗೋಡೆಯಿಂದ ಒಂದು ಹೆಜ್ಜೆ ಸರಿದುಕೊಂಡರು. ಎಮೆಟ್ ಅಲ್ಲೇ ಇದ್ದ ಮಡಿಸುವ ಕುರ್ಚಿಯೊಂದರಲ್ಲಿ ಕೂತು, ಬೂಟಿನ ಲೇಸು ಸಡಿಲಿಸುತ್ತಾ, ಲೆಕ್ಕ ಹೇಳಿದ. ಶುರುವಿನದೊಂದು, ನಡುವಿನದೊಂದು, ಕೊನೆಯದೊಂದು. ಎರಡು ದಾಟಿದರೆ ಸೊನ್ನೆ. ಅಮ್ಮ ಮಧ್ಯೆ ಬಾಯಿ ಹಾಕದೆ ಕೇಳಿದಳು. ಅದು ಅವಳ ಜಾಯಮಾನವಲ್ಲ.

"ಅಂದ್ರೆ... ಸುಲಭದ್ದು ಮಾಡಿದ್ರೆ ಹೋಗ್ತಿದ್ದೆ?"

"ಹೂಂ."

"ಕಷ್ಟದ್ದು ಮಾಡಿದ್ದಕ್ಕೆ ಹೋಗ್ಲಿಲ್ಲ."

"ಹೂಂ."

"ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ ಕಣೋ," ಅಂದಳು ವರ್ನಾ. ಅವಳ ಗಂಟಲಿನಲ್ಲಿ ಬಸ್ಸು ಓಡಿಸುವ ಶಕ್ತಿ ಉಳಿದಿರಲಿಲ್ಲ. "ಪಕ್ಕದವಳನ್ನೂ ಎಬ್ಬಿಸಿದೆ. ನನ್ನ ಮಗ, ನೋಡು, ಅಂದೆ."

"ನೋಡೋ ಹಾಗೇ ಇತ್ತಲ್ಲಮ್ಮ."

"ಇತ್ತು." ಅವಳು ಅವನ ಎದುರಿಗೆ ಮಂಡಿಯೂರಿ ಕೂತು, ಬಲಗಾಲಿನ ಬೂಟನ್ನು ತಾನೇ ಎಳೆದು ತೆಗೆದಳು. ಪಾದ ಊದಿಕೊಂಡಿತ್ತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡಳು. "ಕಡಿಮೆ ಮಾಡು ಅಂತ ನಿಂಗೆ ಯಾವತ್ತೂ ಯಾರೂ ಹೇಳ್ಲೇ ಇಲ್ಲ. ನಾನೂ ಹೇಳ್ಲಿಲ್ಲ."

ಎಮೆಟ್ ಅಳು ಬರುತ್ತದೇನೋ ಎಂದು ಕಾದ. ಅಳುವುದಕ್ಕೂ ತ್ರಾಣ ಬೇಕು.

ಗಿಲ್ಬರ್ಟ್ ಕೆಮ್ಮಿದರು. "ಎಮೆಟ್, ಇದು ಸರಿಯಾದ ಹೊತ್ತಲ್ಲ, ಗೊತ್ತು. ಆದ್ರೆ ನಾನು ಇವತ್ತೇ ಪಟ್ಟಿ ಕಳಿಸ್ಬೇಕು." ಎದೆಗೆ ಹಿಡಿದಿದ್ದ ಕಾಗದಗಳಲ್ಲಿ ಒಂದನ್ನು ಮುಂದೆ ಚಾಚಿದರು. ಬದಲಿ ಆಟಗಾರನ ಒಪ್ಪಿಗೆ ಪತ್ರ. ಮಾರ್ಚ್ ಕೊನೆಯ ತನಕ ಅಭ್ಯಾಸ ಬಿಡುವಂತಿಲ್ಲ, ದಿನಾ ಎಲ್ಲಿರುತ್ತೀರೆಂದು ತಿಳಿಸಬೇಕು, ಕರೆದ ದಿನ ಹೊರಡಬೇಕು. ಕೆಳಗೆ ಎರಡು ಚೌಕ: ಒಪ್ಪಿದ್ದೇನೆ, ಒಪ್ಪುವುದಿಲ್ಲ. ಮೂರು ಸಲ ಅವನು ಈ ಕಾಗದವನ್ನು ಓದದೆಯೇ ಸಹಿ ಹಾಕಿದ್ದ. ಇವತ್ತು ಮೊದಲ ಸಲ ಪೂರ್ತಿ ಓದಿ, ಎರಡನೆಯ ಚೌಕಕ್ಕೆ ಗುರುತು ಹಾಕಿ ವಾಪಸು ಕೊಟ್ಟ.

"ಯೋಚನೆ ಮಾಡಿದ್ದೀಯಾ? ನೀನು ಬೇಡ ಅಂದ್ರೆ ಇದು ಮುಂದಿನವನಿಗೆ ಹೋಗುತ್ತೆ. ಒಂಬತ್ತು ವಾರದಲ್ಲಿ ಯಾರಿಗೆ ಏನಾಗುತ್ತೋ ಹೇಳೋಕಾಗಲ್ಲ."

"ಯಾರಿಗೂ ಏನೂ ಆಗೋದು ಬೇಡ, ಗಿಲ್ಬರ್ಟ್. ನಂಗೆ ಸಾಕು."

ಡೊರೀನ್ ಏನಾದರೂ ಅನ್ನುತ್ತಾರೆಂದು ಅವನು ತಲೆಯೆತ್ತಿ ನೋಡಿದ. ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಗಿಲ್ಬರ್ಟ್ ಇನ್ನೊಂದು ಖಾಲಿ ಪತ್ರ ತೆಗೆದುಕೊಂಡು, ಹೆಸರಿನ ಜಾಗ ತುಂಬಿಸುತ್ತಲೇ ಡ್ರೆಸ್ಸಿಂಗ್ ರೂಮಿನ ಕಡೆ ನಡೆದರು. ಬಾಗಿಲು ಮುಚ್ಚಿತು. ವರ್ನಾ ಎಡಗಾಲಿನ ಬೂಟಿಗೆ ಕೈ ಹಾಕಿದಳು.

ಅಷ್ಟರಲ್ಲಿ ಆ ಬಾಗಿಲಿನ ಹಿಂದಿನಿಂದ ಒಂದು ಕೂಗು ಕೇಳಿತು. ಕೂಗಿ, ನಕ್ಕು, ಯಾರೋ ಲಾಕರಿಗೆ ಧಡ್ ಧಡ್ ಎಂದು ಬಡಿದು, ಮತ್ತೆ ಕೂಗಿದರು. ಇಡೀ ಕಾರಿಡಾರು ತಿರುಗಿ ನೋಡಿತು.

"ಯಾರೋ ಅದು, ಗೆದ್ದ ಹುಡುಗನಾ?" ಅಂದಳು ವರ್ನಾ.

"ಅಲ್ಲಮ್ಮ," ಅಂದ ಎಮೆಟ್. "ಐದನೇ ಬಂದೋನು."