ಬ್ಯಾರನ್ನಿನ ಕೂಗು

ಮಗಳ ಬಟ್ಟೆಬರೆ ತುಂಬಿಕೊಂಡು ಬರಲೆಂದೇ ಚಿಕ್ಕಬೀರಮ್ಮ ಖಾಲಿ ಬ್ಯಾಗೊಂದನ್ನು ಕಂಕುಳಲ್ಲಿಟ್ಟುಕೊಂಡು ಬಿಳಿಕೆರೆಯಲ್ಲಿ ಮೈಸೂರು ಬಸ್ಸು ಹತ್ತಿದ್ದಳು. ಭಾನುವಾರ ಕೆ.ಆರ್. ನಗರದಿಂದ ಗಂಡಿನ ಕಡೆಯವರು ಬರುವವರಿದ್ದರು. ಅವರು ಒಪ್ಪಿದರೆ ಕಾಲೇಜೂ ಇಲ್ಲ, ಬಾಸ್ಕೆಟ್‌ಬಾಲೂ ಇಲ್ಲ. ಪೂಜಾಗೆ ಇನ್ನೂ ಹೇಳಿರಲಿಲ್ಲ.

ಕಾಲೇಜಿನ ಅಂಗಳದಲ್ಲಿ ಮ್ಯಾಚು ನಡೆದಿತ್ತು. ಮೆಟ್ಟಿಲ ಮೇಲೆ ಕೂತವಳಿಗೆ ಮೊದಲು ಮಗಳ ಗುರುತೇ ಸಿಗಲಿಲ್ಲ. ಚಡ್ಡಿ, ತೋಳಿಲ್ಲದ ಬನೀನು, ಬೆನ್ನ ಮೇಲೆ ನಂಬರು. ನೋಡನೋಡುತ್ತಿದ್ದಂತೆ ಎದುರು ಟೀಮಿನವಳೊಬ್ಬಳು ಮೊಣಕೈಯಲ್ಲಿ ತಿವಿದಳು. ಪೂಜಾ ಸಿಮೆಂಟಿನ ಮೇಲೆ ದೊಪ್ಪನೆ ಬಿದ್ದಳು.

“ಅಯ್ಯೋ ನನ್ ಕೂಸೇ! ಒಡೀತಾವ್ರಲ್ಲಪ್ಪೋ, ಕೇಳೋರೇ ಇಲ್ವಾ?”

ಪೂಜಾಳ ಹಾಸ್ಟೆಲ್ ಗೆಳತಿ ರೇಣುಕಾ ಸೆರಗು ಹಿಡಿದು ಕೂರಿಸಿದಳು. “ಕೂತ್ಕಳಿ ಆಂಟಿ, ಅದು ಫೌಲು. ನಿಮ್ ಮಗ್ಳೇನ್ ಕಮ್ಮಿನಾ? ಆಗ್ಲೇ ಇಬ್ರುನ್ನ ಕೆಡವವ್ಳೆ.”

ಕೆಡವಿದಳಾ? ಮನೆಯಲ್ಲಿ ಬಾಯೇ ಬಿಡದ ಹುಡುಗಿ!

ಚಿಕ್ಕ ವಯಸ್ಸಿಗೇ ಅವ್ವನನ್ನು ಮೀರಿ ಬೆಳೆದಿದ್ದಳು. ಹೊಗೆಸೊಪ್ಪಿನ ಕಾಲದಲ್ಲಿ ಇಬ್ಬರೂ ಸೊಪ್ಪು ಬೇಯಿಸುವ ಎತ್ತರದ ಮನೆ, ಬ್ಯಾರನ್ನಿಗೆ ಕೂಲಿ ಹೋಗುತ್ತಿದ್ದರು. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಪೂಜಾ ಕೆಳಗಿನಿಂದ ಎಸೆಯಬೇಕು, ಅಡ್ಡಮರಗಳ ಮೇಲೆ ಕಾಲು ಚಾಚಿ ನಿಂತ ತಾಯಿ ಹಿಡಿದು ಸಾಲಾಗಿ ಇಳಿಬಿಡಬೇಕು. ಒಳಗೆಲ್ಲ ಕತ್ತಲು. ಹೇಳದೆ ಎಸೆದರೆ ಮೇಲಿದ್ದವರು ಆಯತಪ್ಪಿ ಬಿದ್ದಂತೆಯೇ. “ಕೈಯ್ಯೇ ಅಂತ ಕೂಗಿ ಎಸಿ ಕಣೆ, ಬಾಯಿ ಸತ್ತೋಗದಾ ನಿಂಗೆ?” ಎಂದು ಬೈದು ಬೈದೇ ಕಲಿಸಿದ್ದಳು. ಆ ತೋಳು ಕಂಡೇ ಹುಣಸೂರಿನ ಡ್ರಿಲ್ ಮೇಷ್ಟ್ರು ಲಿಂಗರಾಜು ಹುಡುಗಿಯ ಕೈಗೆ ಬಾಲು ಕೊಟ್ಟಿದ್ದು. ಆಮೇಲೆ ತಾಲ್ಲೂಕು, ಜಿಲ್ಲೆ, ಈ ಕಾಲೇಜಿನ ಸೀಟು.

ಪೂಜಾ ಎದ್ದಳು. ಬಾಲು ಸಿಕ್ಕಿದ್ದೇ ತಡ ಮೂವರು ಮುತ್ತಿಕೊಂಡರು.

“ಕೈಯ್ಯೇ!” ಪೂಜಾ ಕೂಗಿದಳು.

ಚಿಕ್ಕಬೀರಮ್ಮನ ಎರಡೂ ಕೈ ತಾವಾಗಿಯೇ ಮೇಲೆದ್ದವು. ಬ್ಯಾಗು ಕಂಕುಳಿಂದ ಜಾರಿ ಮೆಟ್ಟಿಲ ಮೇಲೆ ಬಿತ್ತು. ಅಂಗಳದಲ್ಲಿ ಪೂಜಾ ಕಡೆಯ ನಾಲ್ವರ ಕೈಗಳೂ ಅದೇ ಗಳಿಗೆಗೆ ಎದ್ದಿದ್ದವು. ಮುತ್ತಿದವರ ತಲೆ ಮೇಲಿಂದ ಹಾರಿದ ಬಾಲು ಒಬ್ಬಳ ಕೈಸೇರಿ ಬಲೆಯೊಳಗೆ ಇಳಿಯಿತು.

“ನಿಮ್ಗೂ ಗೊತ್ತಾ ಆಂಟಿ?” ರೇಣುಕಾ ನಕ್ಕಳು. “ಪೂಜಾ ಕಲ್ಸಿದ್ದು. ಟೀಮೆಲ್ಲ ಅಂಗೇ ಕೂಗೋದು. ಎದುರಿನೋರು ಏನಂತ ತಿಳೀದೆ ಪಿಳಿಪಿಳಿ ನೋಡ್ತಾರೆ!”

ಹೊಗೆಸೊಪ್ಪಿನ ಅಂಟು ಮೆತ್ತಿದ ತನ್ನ ಕೂಗು, ಇಷ್ಟು ಜನರ ಮುಂದೆ! ಎತ್ತಿದ ಕೈ ಇಳಿಸುವುದೂ ಚಿಕ್ಕಬೀರಮ್ಮನಿಗೆ ನೆನಪಾಗಲಿಲ್ಲ.

ಆಟ ಮುಗಿದ ಮೇಲೆ ಓಡಿ ಬಂದ ಪೂಜಾ ಬ್ಯಾಗು ಕಂಡು ಗಕ್ಕನೆ ನಿಂತಳು.

“ಅವ್ವಾ... ಖಾಲಿ ಬ್ಯಾಗ್ ಯಾಕ್ ತಂದೆ?”

“ಸಂತೆಗೆ ಕಣೆ.” ತಾಯಿ ಬ್ಯಾಗನ್ನು ಮಡಿಚಿದಳು, ಮತ್ತೊಮ್ಮೆ ಮಡಿಚಿದಳು. ಆಮೇಲೆ ಫೋನು ಚಾಚಿದಳು. “ಕೇಆರ್ ನಗರದೋರ ನಂಬರ್ ಒತ್ಕೊಡು. ಭಾನುವಾರ ಬರ್ಬ್ಯಾಡಿ ಅನ್ಬೇಕು.”

“ಯಾರವ್ವಾ ಅವ್ರು?”

“ಯಾರೋ ಬುಡು. ಮೊದ್ಲು ಮಂಡಿ ತೊಳ್ಕೊ, ರಕ್ತ ಸೋರ್ತಾ ಅದೆ.”